ಸೋವಿಯತ್ ಸೇನೆಯ ಮೊದಲ ಗುಂಡುಕವಚ ಯಾವುದು? 1942, 1957, 1981, ಮೂರೂ "ಮೊದಲು" ಅಂತಿವೆ

ಹಾಳೆಹುಳ · ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಯುದ್ಧದ ಉಡುಪುಗಳ ಬಗ್ಗೆ ಕನ್ನಡದಲ್ಲಿ ಒಂದು ಸರಣಿ ಬರೆಯುತ್ತಿದ್ದೇನೆ. ಈ ಸಲದ್ದು ಸೋವಿಯತ್ ಸೇನೆಯ ಬುಲೆಟ್‌ಪ್ರೂಫ್ ಜಾಕೆಟ್. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಇವತ್ತಿಗೆ ನಾಲ್ಕು ದಿನ ಆಯಿತು.

ಒಂದು ಕಡೆ ಮೊದಲ ಕವಚ 1942ರದ್ದು ಎಂದಿದೆ. ಇನ್ನೊಂದು ಕಡೆ 1957. ಮತ್ತೊಬ್ಬರು 1981 ಎಂದು ಅಡಿಗೆರೆ ಹಾಕಿ ಬರೆದಿದ್ದಾರೆ. ಇದು ಸಾಲದು ಅಂತ ಒಂದು ವಿಡಿಯೊ ಬೇರೆ. ಸ್ಟಾಲಿನ್‌ಗ್ರಾಡ್‌ನಲ್ಲಿ ಕೆಂಪು ಸೇನೆಯವರು ಟೈಟಾನಿಯಂ ಕವಚ ತೊಟ್ಟು ನುಗ್ಗಿದರಂತೆ, ಜರ್ಮನ್ನರ ರೈಫಲ್ ಗುಂಡು ತಾಗಿ ಪುಟಿದು ಬೀಳುತ್ತಿತ್ತಂತೆ. ಬರೀ ಅಂತೆ ಕಂತೆಗಳ ಸಂತೆ.

ನನಗೆ ಬೇಕಾಗಿರುವುದು ಒಂದೇ ಸಾಲು. "ಮೊದಲ ಕವಚ ಇಂಥ ವರ್ಷ ಬಂತು." ಯಾವ ವರ್ಷ ಬರೆಯಲಿ?

ಲೆವೆಲ್_99 · ಸೋಮವಾರ, ರಾತ್ರಿ 9:20

1981, ಅಣ್ಣ. ಅದರ ಹೆಸರು 6ಬಿ2. ಆಮೇಲೆ 6ಬಿ3, 6ಬಿ5. ನಾನು ಆಡುವ ಗೇಮ್‌ನಲ್ಲಿ ಎಲ್ಲವೂ ಇವೆ. ಯಾವುದು ಎಷ್ಟನೇ ಕ್ಲಾಸ್, ಯಾವ ಗುಂಡು ತಡೆಯುತ್ತದೆ ಅಂತ ಪಟ್ಟಿಯೇ ಕೊಟ್ಟಿದ್ದಾರೆ. ಸ್ಕ್ರೀನ್‌ಶಾಟ್ ಕಳಿಸಲಾ?

ಹಾಳೆಹುಳ · ಸೋಮವಾರ, ರಾತ್ರಿ 9:24

ಕಳಿಸು ಮಾರಾಯ. ಆದರೆ ಗೇಮ್ ನೋಡಿ ಬರೆದೆ ಅಂತ ಹೇಳಿದರೆ ಓದುಗರು ಬಿಡ್ತಾರಾ?

ವೋಲ್ಗಾ_ತುಂಗಾ · ಸೋಮವಾರ, ರಾತ್ರಿ 10:05

ಹಾಳೆಹುಳ ಅವರೇ, ನಿಮ್ಮ ಮೂರು ವರ್ಷಗಳೂ ಸರಿ ಇರಬಹುದು. ಪ್ರಶ್ನೆಯಲ್ಲೇ ತೊಡಕಿದೆ.

ನಾನು ಅಲ್ಲಿ ಓದಿದವಳು, ರಷ್ಯನ್ ಬರುತ್ತದೆ. ಹಾಗಾಗಿ ಮೊದಲು ಹೆಸರು ನೋಡೋಣ. 1942ರದ್ದನ್ನು ರಷ್ಯನ್‌ನಲ್ಲಿ "ಸ್ತಾಲ್ನೋಯ್ ನಗ್ರುದ್ನಿಕ್" ಎನ್ನುತ್ತಾರೆ. ಉಕ್ಕಿನ ಎದೆತಗಡು ಅಂತ ಅರ್ಥ. ಮೊದಲಕ್ಷರ ಸೇರಿಸಿದರೆ ಎಸ್‌ಎನ್-42. ಆದರೆ ರಷ್ಯನ್ ಲಿಪಿಯಲ್ಲಿ "ಎಸ್" ನೋಡಲು ಇಂಗ್ಲಿಷಿನ ಸಿ ಥರ, "ಎನ್" ನೋಡಲು ಎಚ್ ಥರ. ಅದನ್ನು ಕಂಡ ಹೊರಗಿನವರು ಸಿಎಚ್-42 ಎಂದು ಓದಿಕೊಂಡರು. ಈಗ ಅರ್ಧ ಇಂಟರ್ನೆಟ್‌ನಲ್ಲಿ ಎಸ್‌ಎನ್, ಇನ್ನರ್ಧದಲ್ಲಿ ಸಿಎಚ್. ಎರಡು ಬೇರೆ ಬೇರೆ ಕವಚ ಅಂದುಕೊಂಡು ಹೋಲಿಕೆ ಪಟ್ಟಿ ಮಾಡಿದವರನ್ನೂ ನೋಡಿದ್ದೇನೆ!

6ಬಿ ಸರಣಿಗೂ ಇದೇ ಪಾಡು. ರಷ್ಯನ್ "ಬಿ" ಅಕ್ಷರ ಹೆಚ್ಚುಕಮ್ಮಿ ಇಂಗ್ಲಿಷ್ ಅಂಕಿ 6ರ ಹಾಗೇ ಇರುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಹಾಳೆಯನ್ನು ಕಂಪ್ಯೂಟರ್ ಓದಿದರೆ 6ಬಿ5 ಹೋಗಿ 665 ಆಗಿಬಿಡುತ್ತದೆ. ಆಮೇಲೆ ನೀವು ಹುಡುಕಿದರೆ ಸಿಗುವುದೇ ಇಲ್ಲ.

ಇನ್ನೊಂದು ಮಾತು. ಗುಂಡುಕವಚಕ್ಕೆ ಈಗಿನ ರಷ್ಯನ್ ಮಾತಾದ "ಬ್ರೊನೆಝಿಲೆತ್" ಎಂದು ಹುಡುಕಿ 1940ರ ದಶಕದ ಕಾಗದ ಸಿಗಲಿಲ್ಲ ಅಂದರೆ ಕವಚ ಇರಲಿಲ್ಲ ಎಂದಲ್ಲ. ಆ ಕಾಲಕ್ಕೆ "ನಗ್ರುದ್ನಿಕ್" ಅಥವಾ "ಪಾನ್ಸಿರ್" (ಕವಚಕ್ಕೆ ಹಳೆಯ ಮಾತು) ಎಂದು ಹುಡುಕಬೇಕು.

ಭದ್ರಾವತಿ_ಕುಲುಮೆ · ಸೋಮವಾರ, ರಾತ್ರಿ 10:48

ಮೇಡಂ ಹೆಸರು ನೋಡಿದರು. ನಾನು ಲೋಹ ನೋಡುತ್ತೇನೆ. 31 ವರ್ಷ ಉಕ್ಕಿನ ಜೊತೆ ಕಳೆದವನು, ಟೈಟಾನಿಯಂ ಅಂದ ಕೂಡಲೇ ಕಿವಿ ನೆಟ್ಟಗಾಯಿತು.

ಟೈಟಾನಿಯಂ ಮಣ್ಣಲ್ಲಿ ಬೇಕಾದಷ್ಟಿದೆ. ಲೋಹ ಮಾಡಿ ತೆಗೆಯುವುದೇ ಕಷ್ಟ. ದೊಡ್ಡ ಮಟ್ಟದಲ್ಲಿ ತೆಗೆಯುವ ದಾರಿ ತೋರಿಸಿದವರು ಲಕ್ಸೆಂಬರ್ಗಿನ ವಿಲಿಯಂ ಕ್ರಾಲ್. ಅವರಿಗೆ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಸೋವಿಯತ್ ಒಕ್ಕೂಟದಲ್ಲಿ ಕಾರ್ಖಾನೆ ಮಟ್ಟದ ಟೈಟಾನಿಯಂ ಶುರುವಾಗಿದ್ದು 1950ರ ದಶಕದ ನಡುವಿನಲ್ಲಿ. ಉರಲ್ ಕಡೆಯ ವೆರ್ಖ್‌ನ್ಯಾಯಾ ಸಾಲ್ದಾ ಕಾರ್ಖಾನೆ ತನ್ನ ಮೊದಲ ಟೈಟಾನಿಯಂ ಗಟ್ಟಿ ಎರಕ ಹೊಯ್ದಿದ್ದು 1957ರಲ್ಲಿ. ಹಾಗಿದ್ದ ಮೇಲೆ 1942ರಲ್ಲಿ ಸೈನಿಕನ ಎದೆಗೆ ಟೈಟಾನಿಯಂ ಎಲ್ಲಿಂದ ಬರಬೇಕು? ವಿಡಿಯೊದವರು ಅಫ್ಘಾನಿಸ್ತಾನದ ಕಾಲದ ಕವಚವನ್ನು ಸ್ಟಾಲಿನ್‌ಗ್ರಾಡ್‌ಗೆ ತೊಡಿಸಿದ್ದಾರೆ, ಅಷ್ಟೇ.

ಈಗ ತೂಕ. ಎಸ್‌ಎನ್-42ಕ್ಕೆ ಎಲ್ಲರೂ ಕೊಡುವ ಲೆಕ್ಕ: 2 ಮಿ.ಮೀ. ದಪ್ಪ, 3.5 ಕೆಜಿ, 36ಎಸ್‌ಜಿಎನ್ ಎಂಬ ಉಕ್ಕು. ಇದನ್ನು ನಂಬಬೇಕಾ? ಕಾಗದ ಪೆನ್ನು ತಗೊಳ್ಳಿ. 2 ಮಿ.ಮೀ. ಉಕ್ಕಿನ ತಗಡು ಒಂದು ಚದರ ಮೀಟರಿಗೆ ಸುಮಾರು 15.7 ಕೆಜಿ ತೂಗುತ್ತದೆ. 3.5 ಕೆಜಿಗೆ ಎಷ್ಟು ತಗಡು ಬಂತು? 0.22 ಚದರ ಮೀಟರ್. ಅಂದರೆ 47 ಸೆಂ.ಮೀ. ಉದ್ದ, 47 ಸೆಂ.ಮೀ. ಅಗಲದ ಒಂದು ತುಂಡು. ಒಬ್ಬ ಆಳಿನ ಎದೆಯಿಂದ ಕಿಬ್ಬೊಟ್ಟೆವರೆಗೆ ಮುಚ್ಚಲು ಸರಿಹೋಗುತ್ತದೆ. ಬೆನ್ನಿಗೆ ಏನೂ ಉಳಿಯುವುದಿಲ್ಲ. ಫೋಟೊಗಳಲ್ಲೂ ಹಾಗೇ ಇದೆ. ಮುಂದೆ ಎರಡು ತಗಡು, ಹಿಂದೆ ಬರೀ ಪಟ್ಟಿ. ಇನ್ನು ಮುಂದೆ ಯಾರಾದರೂ "3.5 ಕೆಜಿ, ಎದೆ ಬೆನ್ನು ಎರಡಕ್ಕೂ ರಕ್ಷಣೆ" ಎಂದು ಬರೆದಿದ್ದರೆ ಆ ಪುಟ ಅಲ್ಲೇ ಮುಚ್ಚಿ.

ಹಾಳೆಹುಳ · ಸೋಮವಾರ, ರಾತ್ರಿ 11:02

ಅಬ್ಬಾ. ಸರ್, ನಾನು ಬರೆದಿದ್ದ ಕರಡಿನಲ್ಲಿ "ಎದೆ ಬೆನ್ನು" ಅಂತಲೇ ಇತ್ತು. ಈಗಲೇ ಹೊಡೆದು ಹಾಕಿದೆ.

ರೈಫಲ್ ಗುಂಡಿನ ಕಥೆ?

ಭದ್ರಾವತಿ_ಕುಲುಮೆ · ಸೋಮವಾರ, ರಾತ್ರಿ 11:15

ಜರ್ಮನ್ನರ ಎಂಪಿ 40 ಎಂಬ ಸಬ್‌ಮಷಿನ್ ಗನ್ ಹಾರಿಸುವುದು ಪಿಸ್ತೂಲಿನ ಗುಂಡು. ಅದರ ಶಕ್ತಿ ಸುಮಾರು 500-600 ಜೂಲ್. ಅವರದೇ ಮೌಸರ್ ರೈಫಲಿನ ಗುಂಡು 3,500 ಜೂಲ್ ದಾಟುತ್ತದೆ. ಆರೇಳು ಪಟ್ಟು. ಎಸ್‌ಎನ್-42 ಶೆಲ್, ಗ್ರೆನೇಡ್‌ಗಳ ಚೂರು ಸಿಡಿತ, ಬಯೊನೆಟ್, ಸ್ವಲ್ಪ ದೂರದಿಂದ ಬಂದ ಪಿಸ್ತೂಲ್ ಗುಂಡು, ಇವಕ್ಕೆ ಮಾಡಿದ್ದು. 2 ಮಿ.ಮೀ. ತಗಡು ಹತ್ತಿರದಿಂದ ಬಂದ ರೈಫಲ್ ಗುಂಡಿಗೆ ತಡೆಯಲ್ಲ. ದೂರ ಜಾಸ್ತಿ ಇದ್ದು, ಓರೆಯಾಗಿ ತಾಗಿದರೆ ಜಾರಬಹುದು. ಹಾಗೆ ಜಾರಿದ ಒಂದು ಗುಂಡಿನ ಕಥೆ ನೂರು ಬಾಯಿ ದಾಟಿದರೆ ವಿಡಿಯೊ ಆಗುತ್ತದೆ.

ಮಾಜಿ_ಹವಾಲ್ದಾರ್ · ಮಂಗಳವಾರ, ಬೆಳಿಗ್ಗೆ 6:31

ಮೇಲಿನವರ ಲೆಕ್ಕ ಸರಿಯಾಗಿದೆ. ನಾನು ತೊಟ್ಟಿದ್ದು ಇವು ಯಾವುವೂ ಅಲ್ಲ, ನಮ್ಮ ಕಡೆಯವು, 90ರ ದಶಕದಲ್ಲಿ, ಗುಡ್ಡಗಾಡಲ್ಲಿ. ಆದರೂ ಒಂದು ಮಾತು. ಕಾಗದದ ಮೇಲೆ ಇರುವ ಕವಚ ಬೇರೆ, ಮೈಮೇಲೆ ಇರುವ ಕವಚ ಬೇರೆ. ಸ್ಟೋರಿನಲ್ಲಿ ಸಾವಿರ ಇರಬಹುದು. ಏರು ಹತ್ತುವಾಗ ಎಷ್ಟು ಜನ ತೊಟ್ಟಿರ್ತಾರೆ ಅನ್ನೋದು ಬೇರೆ ಪ್ರಶ್ನೆ. ಚೆಕ್‌ಪೋಸ್ಟಿನಲ್ಲಿ ನಿಂತವನು ತೊಡ್ತಾನೆ, ಲಾರಿ ಓಡಿಸೋನು ತೊಡ್ತಾನೆ. ಹತ್ತು ಗಂಟೆ ನಡೆಯೋನು ಯೋಚನೆ ಮಾಡ್ತಾನೆ.

ವೋಲ್ಗಾ_ತುಂಗಾ · ಮಂಗಳವಾರ, ಬೆಳಿಗ್ಗೆ 8:40

ಹವಾಲ್ದಾರ್ ಅಣ್ಣ, ನಾನು ನಿನ್ನೆ ಹೇಳಲು ಹೊರಟಿದ್ದು ಇದನ್ನೇ. ಒಂದು ಕವಚಕ್ಕೆ ಒಂದೇ ವರ್ಷ ಇರುವುದಿಲ್ಲ. ವಿನ್ಯಾಸ ಮಾಡಿದ ವರ್ಷ, ಸರ್ಕಾರ ಒಪ್ಪಿದ ವರ್ಷ, ಕಾರ್ಖಾನೆಯಿಂದ ರಾಶಿ ರಾಶಿ ಹೊರಬಂದ ವರ್ಷ, ಸೈನಿಕ ತೊಟ್ಟ ವರ್ಷ. ಹಾಳೆಹುಳ ಅವರ ಕೈಯಲ್ಲಿರುವ ಮೂರು "ಮೊದಲು" ಈ ನಾಲ್ಕರಲ್ಲಿ ಎಲ್ಲೆಲ್ಲೋ ಕೂತಿವೆ.

1957 ತೆಗೆದುಕೊಳ್ಳಿ. ಅದು 6ಬಿ1. ಕೊರಿಯಾ ಯುದ್ಧದಲ್ಲಿ ಅಮೆರಿಕದವರು ನೈಲಾನ್ ಮತ್ತು ಗಾಜುನಾರಿನ ಅಂಗಿ ತೊಟ್ಟಿದ್ದರು. ಅದನ್ನು ಕಂಡ ಮೇಲೆ ಸೋವಿಯತ್ತಿನವರೂ ಕೆಲಸ ಶುರು ಮಾಡಿದರು. 1957ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಆದರೆ ಪ್ರತಿ ಸೈನಿಕನಿಗೂ ಹೊಲಿದು ಹಂಚಲಿಲ್ಲ. ದೊಡ್ಡ ಯುದ್ಧ ಬಂದರೆ ಆಗ ರಾಶಿಯಲ್ಲಿ ಮಾಡೋಣ ಎಂದು ಬದಿಗಿಟ್ಟರು. ಹಾಗಾಗಿ 1957 ಸುಳ್ಳಲ್ಲ. ಆದರೆ "1957ರಿಂದ ಸೋವಿಯತ್ ಸೈನಿಕರು ಕವಚ ತೊಡುತ್ತಿದ್ದರು" ಎಂದು ಬರೆದರೆ ಸುಳ್ಳು.

ರಷ್ಯನ್‌ನಲ್ಲಿ ಇದಕ್ಕೆ ಎರಡು ಮಾತಿವೆ. ಬಂದೂಕು, ಟ್ಯಾಂಕ್‌ಗಳಿಗೆ "ಪ್ರಿನ್ಯಾತ್ ನಾ ವೊರುಝೆನಿಯೆ", ಆಯುಧವಾಗಿ ಒಪ್ಪಿದ್ದು. ಕವಚದಂಥ ಸಾಮಾನಿಗೆ "ಪ್ರಿನ್ಯಾತ್ ನಾ ಸ್ನಬ್ಝೆನಿಯೆ", ಸರಬರಾಜಿಗೆ ಒಪ್ಪಿದ್ದು. ಅನುವಾದ ಮಾಡುವವರು ಎರಡನ್ನೂ "ಸೇನೆಗೆ ಸೇರಿತು" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಓದಿದವರಿಗೆ ಮರುದಿನವೇ ಎಲ್ಲರೂ ತೊಟ್ಟು ನಿಂತ ಹಾಗೆ ಕಾಣುತ್ತದೆ. ಒಪ್ಪಿಗೆಯ ಕಾಗದ ಅಂದರೆ ಇನ್ನು ಮುಂದೆ ಇದನ್ನು ತರಿಸಿಕೊಳ್ಳಬಹುದು ಅಂತ, ಅಷ್ಟೇ.

ಹಾಳೆಹುಳ · ಮಂಗಳವಾರ, ಬೆಳಿಗ್ಗೆ 9:15

ಮೇಡಂ, ಒಪ್ಪಿದೆ. ಆದರೆ ಒಂದು ಸಂಶಯ. 3.5 ಕೆಜಿ, 2 ಮಿ.ಮೀ. ಅನ್ನುವುದು ಹನ್ನೊಂದು ಕಡೆ ಹಾಗೇ ಇದೆ. ಹನ್ನೊಂದು ಕಡೆ ಒಂದೇ ಇದ್ದರೆ ನಂಬಬಹುದು ತಾನೇ? ಎಲ್ಲದಕ್ಕೂ ತಕ್ಕಡಿ ಹಿಡಿದು ಕೂರಬೇಕಾ?

ತಾಳೆಗರಿ · ಮಂಗಳವಾರ, ಬೆಳಿಗ್ಗೆ 10:02

ಇದಕ್ಕೆ ನಾನು ಉತ್ತರ ಹೇಳಬೇಕು, ಯಾಕೆಂದರೆ ಆ ಪಾಪ ನಾನೇ ಮಾಡಿದ್ದೇನೆ.

ಎಂಟು ವರ್ಷದ ಹಿಂದಿನ ಮಾತು. ಬೇರೊಂದು ದೇಶದ ಹಳೆಯ ಹೆಲ್ಮೆಟ್ ಬಗ್ಗೆ ಒಂದು ಟಿಪ್ಪಣಿ ಬರೆದಿದ್ದೆ. ತೂಕ ಗೊತ್ತಿರಲಿಲ್ಲ. ಅದೇ ಥರದ ಇನ್ನೊಂದರ ತೂಕ ನೋಡಿ, ಅಂದಾಜಿಗೆ ಒಂದು ಅಂಕಿ ಹಾಕಿದೆ. "ಸುಮಾರು" ಅಂತ ಸೇರಿಸಬೇಕಿತ್ತು, ಸೇರಿಸಲಿಲ್ಲ. ಎರಡು ವರ್ಷ ಆದ ಮೇಲೆ ಒಬ್ಬರು ನನ್ನ ಜೊತೆ ಜಗಳಕ್ಕೆ ಬಂದರು. ನಾನು ಆಗ ಬೇರೆ ಅಂಕಿ ಹೇಳಿದ್ದೆ, ಅವರು ಐದು ಕಡೆಯಿಂದ ಆಧಾರ ತಂದು ನನ್ನನ್ನು ತಿದ್ದಿದರು. ಐದೂ ಕಡೆ ಇದ್ದದ್ದು ನಾನು ಅಂದಾಜಿಗೆ ಹಾಕಿದ್ದ ಆ ಅಂಕಿಯೇ, ಗ್ರಾಂ ಕೂಡ ಬದಲಾಗಿರಲಿಲ್ಲ. ನನ್ನದೇ ಸುಳ್ಳು ಕೋಟು ಹಾಕಿಕೊಂಡು ಮನೆಗೆ ನೆಂಟನಾಗಿ ಬಂದಿತ್ತು.

ಅದಕ್ಕೇ ಹೇಳುತ್ತೇನೆ. ಹನ್ನೊಂದು ಕೊಡದಲ್ಲಿ ನೀರಿದ್ದರೆ ಹನ್ನೊಂದು ಬಾವಿ ಇವೆ ಅಂತಲ್ಲ. ಯಾರು ಯಾರಿಂದ ತುಂಬಿಕೊಂಡರು ನೋಡಿ. ಸುಲಭದ ಉಪಾಯ ಒಂದಿದೆ. ಒಂದೇ ತಪ್ಪು ಎಲ್ಲ ಕಡೆ ಇದೆಯಾ ಅಂತ ಹುಡುಕಿ. ಅದೇ ಕಾಗುಣಿತದ ತಪ್ಪು, ಅದೇ ವಾಕ್ಯದ ಜೋಡಣೆ, ಅದೇ ಫೋಟೊ. ಇದ್ದರೆ ಹನ್ನೊಂದನ್ನೂ ಒಂದು ಅಂತ ಎಣಿಸಿ.

ಭದ್ರಾವತಿ_ಕುಲುಮೆ · ಮಂಗಳವಾರ, ಬೆಳಿಗ್ಗೆ 10:20

ಅದಕ್ಕೇ ತಕ್ಕಡಿ. ತಕ್ಕಡಿ ಯಾರಿಂದಲೂ ಕಾಪಿ ಹೊಡೆಯಲ್ಲ.

ಚಿತ್ರಾನ್ನ_ಪ್ರಿಯ · ಮಂಗಳವಾರ, ಮಧ್ಯಾಹ್ನ 1:33

ಇಷ್ಟೆಲ್ಲ ಯಾಕೆ? ಅಲ್ಲಿ ಹೋರಾಡಿದವರು ಬರೆದ ನೆನಪುಗಳಿವೆ. ಅವರಿಗಿಂತ ದೊಡ್ಡ ಆಧಾರ ಯಾವುದು? ಗುಂಡು ತಿಂದವನ ಮಾತು ಬಿಟ್ಟು ಕೋಣೆಯಲ್ಲಿ ಕೂತವನ ಕಾಗದ ನಂಬುವುದು ನನಗೆ ಸರಿ ಕಾಣುವುದಿಲ್ಲ.

ವೋಲ್ಗಾ_ತುಂಗಾ · ಮಂಗಳವಾರ, ಮಧ್ಯಾಹ್ನ 2:10

ಏನು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಕವಚ ಭಾರ ಇತ್ತಾ, ಜನ ಅದನ್ನು ಬೈಯುತ್ತಿದ್ದರಾ, ತೊಟ್ಟುಕೊಂಡು ತೆವಳಲು ಆಗುತ್ತಿತ್ತಾ? ಇದಕ್ಕೆ ತೊಟ್ಟವನೇ ಸಾಕ್ಷಿ. ತಗಡು ಎಷ್ಟು ಮಿ.ಮೀ., ಯಾವ ತಿಂಗಳು ಬಂತು, ಎಷ್ಟು ಜನರಿಗೆ ಬಂತು? ಇದನ್ನು 40 ವರ್ಷ ಆದ ಮೇಲೆ ನೆನಪಿನಿಂದ ಬರೆದರೆ ನನ್ನ ಅಪ್ಪ ಬರೆದರೂ ನಾನು ತಾಳೆ ನೋಡುತ್ತೇನೆ.

ತಾಳೆ ನೋಡಲು ಜಾಗವಿದೆ. ರಷ್ಯಾದ ರಕ್ಷಣಾ ಇಲಾಖೆಯ ಮುಖ್ಯ ಕಡತಾಗಾರ ಮಾಸ್ಕೋ ಹತ್ತಿರದ ಪೊದೋಲ್ಸ್ಕ್‌ನಲ್ಲಿದೆ. ಎರಡನೇ ಮಹಾಯುದ್ಧದ ಲಕ್ಷಗಟ್ಟಲೆ ಕಾಗದ ಸ್ಕ್ಯಾನ್ ಆಗಿ "ಪಾಮ್ಯತ್ ನರೋದಾ" ಎಂಬ ಜಾಲತಾಣದಲ್ಲಿವೆ. ಅಲ್ಲಿ ದಳಗಳ ಯುದ್ಧ ದಿನಚರಿ ಇದೆ, ಪದಕ ಕೊಡುವಾಗ ಬರೆದ ಶಿಫಾರಸು ಹಾಳೆಗಳಿವೆ. ಯಾವ ದಳ, ಯಾವ ದಿನ, ಯಾವ ಊರು ಎಂದು ಹೆಜ್ಜೆ ಹಿಡಿಯಬಹುದು. ಕೈಬರಹ ಓದುವಷ್ಟರಲ್ಲಿ ಕಣ್ಣು ಮಂಜಾಗುತ್ತದೆ, ಅದು ಬೇರೆ ಮಾತು.

ಪದಕದ ಹಾಳೆಯನ್ನೂ ಪೂರ್ತಿ ನಂಬಬೇಡಿ. ಬರೆದವರು ಪದಕ ಕೊಡಿಸಲು ಬರೆದಿರುತ್ತಾರೆ, ಸತ್ತ ಶತ್ರುಗಳ ಸಂಖ್ಯೆ ಉಬ್ಬಿರಬಹುದು. ಆದರೆ ಯಾವ ದಳದಲ್ಲಿದ್ದ, ಎಲ್ಲಿದ್ದ ಎನ್ನುವುದರಲ್ಲಿ ಸುಳ್ಳು ಹೇಳಿ ಅವರಿಗೆ ಲಾಭವಿಲ್ಲ.

ಚಿತ್ರಾನ್ನ_ಪ್ರಿಯ · ಮಂಗಳವಾರ, ಮಧ್ಯಾಹ್ನ 2:25

ನಾನಿನ್ನೂ ಒಪ್ಪಿಲ್ಲ. ಇರಲಿ, ಮುಂದುವರಿಯಿರಿ.

ಹಾಳೆಹುಳ · ಮಂಗಳವಾರ, ಸಂಜೆ 6:50

ಹೆಜ್ಜೆ ಹಿಡಿದು ನೋಡಿದೆ. ಆ ವಿಡಿಯೊದಲ್ಲಿ "ಸ್ಟಾಲಿನ್‌ಗ್ರಾಡ್ ವೀರರು" ಅಂತ ತೋರಿಸಿದ ಫೋಟೊ ಇತ್ತಲ್ಲ, ಉಕ್ಕಿನ ಎದೆತಗಡು ತೊಟ್ಟವರದ್ದು? ಅದೇ ಫೋಟೊ ಬೇರೆ ಕಡೆ 1ನೇ ಆಕ್ರಮಣ ಎಂಜಿನಿಯರ್-ಸ್ಯಾಪರ್ ಬ್ರಿಗೇಡಿನವರು ಎಂಬ ವಿವರದೊಂದಿಗೆ ಸಿಕ್ಕಿತು. ಇವರು ಯಾರು ಮೇಡಂ? ಒಂದು ಕಡೆ ಶಿಕ್ಷೆಗೆ ಒಳಗಾದ ಸೈನಿಕರ ದಳ ಅಂತಲೂ ಬರೆದಿದ್ದಾರೆ.

ವೋಲ್ಗಾ_ತುಂಗಾ · ಮಂಗಳವಾರ, ಸಂಜೆ 7:30

ಶಿಕ್ಷೆಯ ದಳ ಅಲ್ಲವೇ ಅಲ್ಲ! ಎರಡಕ್ಕೂ ರಷ್ಯನ್ ಹೆಸರು "ಶ್ತ" ಎಂದು ಶುರುವಾಗುತ್ತದೆ. ಒಂದು "ಶ್ತುರ್ಮ್", ಆಕ್ರಮಣ. ಇನ್ನೊಂದು "ಶ್ತ್ರಾಫ್", ದಂಡ. ಕಣ್ಣು ಜಾರಿದರೆ ವೀರ ಹೋಗಿ ಕೈದಿ ಆಗುತ್ತಾನೆ.

ಸ್ಯಾಪರ್ ಅಂದರೆ ಮೈನ್ ಕೀಳುವವರು, ಕೋಟೆ ಒಡೆಯುವವರು. ಕಾಂಕ್ರೀಟ್ ಗೂಡುಗಳನ್ನು, ಬೀದಿ ಬೀದಿಯ ಮನೆಗಳನ್ನು ಸ್ಫೋಟಕ ಹಿಡಿದು ಹತ್ತಿರದಿಂದ ಹೊಡೆಯಬೇಕಿತ್ತು. ಅದಕ್ಕೆ ಅಂತಲೇ 1943ರಲ್ಲಿ ಕೆಲವು ಎಂಜಿನಿಯರ್ ಬ್ರಿಗೇಡುಗಳನ್ನು ಆಕ್ರಮಣ ಬ್ರಿಗೇಡುಗಳಾಗಿ ಬದಲಾಯಿಸಿದರು. ಆ ವರ್ಷದ ಮೇ ಕೊನೆಯ ಹೊತ್ತಿಗೆ ಮೊದಲ ಹದಿನೈದು ಸಿದ್ಧವಾದವು. ಎಸ್‌ಎನ್-42 ಹೆಚ್ಚು ಕಾಣುವುದು ಇವರ ಮೈಮೇಲೆ. ಎದುರಿಗೆ ಪಿಸ್ತೂಲ್ ಗುಂಡು, ಚೂರು ಸಿಡಿತ ಬರುವ ಜಾಗ, ನಡೆಯಬೇಕಾದ ದೂರ ಕಡಿಮೆ. ಭದ್ರಾವತಿ ಸರ್ ಹೇಳಿದ ತಗಡಿಗೆ ಸರಿಯಾದ ಕೆಲಸ. ಬಯಲಲ್ಲಿ ರೈಫಲಿಗೆ ಎದೆ ಕೊಟ್ಟು ಓಡುವ ಕಾಲಾಳಿಗೆ ಅದು ಬರೀ ಭಾರ.

ಈಗ ತಾರೀಕು ಹಾಕಿ ನೋಡಿ. ಸ್ಟಾಲಿನ್‌ಗ್ರಾಡ್ ಕದನ ಮುಗಿದದ್ದು 1943ರ ಫೆಬ್ರವರಿ 2. ಈ ಬ್ರಿಗೇಡುಗಳು ಹುಟ್ಟಿದ್ದು ಅದಾದ ಮೇಲೆ. ಫೋಟೊದಲ್ಲಿರುವವರು ಆ ಬ್ರಿಗೇಡಿನವರೇ ಆದರೆ ಅದು ಸ್ಟಾಲಿನ್‌ಗ್ರಾಡ್ ಅಲ್ಲ.

ಮತ್ತೆ, 42 ಅನ್ನುವುದು ಮಾದರಿಯ ವರ್ಷ, ಫೋಟೊದ ವರ್ಷ ಅಲ್ಲ. 38, 39, 40 ಎಂಬ ಹಿಂದಿನ ಮಾದರಿಗಳೂ ಇದ್ದವು. ಹಾಗಾಗಿ "ಮೊದಲನೆಯದು 1942ರದ್ದು" ಅನ್ನುವುದೂ ಅಲುಗಾಡುತ್ತದೆ.

ಹಾಳೆಹುಳ · ಮಂಗಳವಾರ, ಸಂಜೆ 7:36

ಒಂದು ಸಾಲು ಕೇಳಿ ಬಂದೆ, ಇದ್ದ ಒಂದೂ ಹೋಯಿತು.

ಲೆವೆಲ್_99 · ಮಂಗಳವಾರ, ರಾತ್ರಿ 8:11

ಹಾಗಾದರೆ 1981 ಆದರೂ ಗಟ್ಟಿ ಅಲ್ವಾ? 6ಬಿ2. ಅಫ್ಘಾನಿಸ್ತಾನಕ್ಕೆ ಹೋಗಿದ್ದು 1979ರ ಡಿಸೆಂಬರ್. ಎರಡು ವರ್ಷಕ್ಕೆ ಕವಚ ಬಂತು. ಸರಿ ಹೊಂದುತ್ತದೆ.

ಆದರೆ ಇನ್ನೊಂದು ವಿಡಿಯೊದಲ್ಲಿ 1979ರಲ್ಲೇ ಕಾಬೂಲ್ ಅರಮನೆಗೆ ನುಗ್ಗಿದವರು ಕವಚ ತೊಟ್ಟಿದ್ದರು ಅಂತಾರೆ. ಅದು ಸುಳ್ಳಾ?

ತಾಳೆಗರಿ · ಮಂಗಳವಾರ, ರಾತ್ರಿ 8:45

ಸುಳ್ಳಲ್ಲ ತಮ್ಮ. ತಾಜ್‌ಬೆಗ್ ಅರಮನೆ, 1979ರ ಡಿಸೆಂಬರ್ 27. ನುಗ್ಗಿದವರಲ್ಲಿ ಕೆಜಿಬಿಯ ಎರಡು ಗುಂಪುಗಳಿದ್ದವು, ಗ್ರೋಮ್ ಮತ್ತು ಜೆನಿತ್. ಅವರಿಗೆ ಕವಚ, ಹೆಲ್ಮೆಟ್ ಇದ್ದವು. ಜೊತೆಗೆ ಮಧ್ಯ ಏಷ್ಯಾದ ಸೈನಿಕರಿದ್ದ ಸೇನೆಯ "ಮುಸ್ಲಿಂ ಬೆಟಾಲಿಯನ್" ಇತ್ತು. ಎಲ್ಲರೂ ಅಫ್ಘಾನ್ ಸಮವಸ್ತ್ರದಲ್ಲಿ, ಗುರುತಿಗೆ ತೋಳಿಗೆ ಬಿಳಿ ಪಟ್ಟಿ.

ಇಲ್ಲೇ ಜನ ಎಡವುವುದು. "ಸೋವಿಯತ್" ಅಂದರೆ ಒಂದೇ ಅಂಗಡಿಯ ಒಬ್ಬನೇ ಗಿರಾಕಿ ಅಲ್ಲ. ಸೇನೆಗೆ ಅದರದೇ ಪಟ್ಟಿ. ಪೊಲೀಸರು ಇರುವ ಒಳಾಡಳಿತ ಇಲಾಖೆಗೆ ಬೇರೆ. ಅವರಿಗಾಗಿ ಮಾಸ್ಕೋದ ಉಕ್ಕು ಸಂಶೋಧನಾ ಸಂಸ್ಥೆ 1970ರ ದಶಕದಲ್ಲೇ ಝಡ್‌ಟಿ-71 ಎಂಬ ಕವಚ ಮಾಡಿತ್ತು. ಕೆಜಿಬಿಯದು ಇನ್ನೂ ಬೇರೆ, ಅವರು ಹೊರದೇಶದ ಟೈಟಾನಿಯಂ ಹೆಲ್ಮೆಟ್ ಕೂಡ ತರಿಸಿಕೊಂಡವರು. 6ಬಿ ಅನ್ನುವುದು ಸೇನೆಯ ಸಾಮಾನಿನ ನಂಬರ್. ಎಕೆಎಂ ಬಂದೂಕಿಗೆ 6ಪಿ1, ಆರ್‌ಪಿಜಿ-7ಕ್ಕೆ 6ಜಿ3 ಇದ್ದ ಹಾಗೆ. ಹಾಗಾಗಿ "1981" ಎಂದು ಬರೆಯುವಾಗ ಯಾರಿಗೆ ಅಂತಲೂ ಬರೆಯಬೇಕು.

ವೋಲ್ಗಾ_ತುಂಗಾ · ಮಂಗಳವಾರ, ರಾತ್ರಿ 9:02

ತಾಳೆಗರಿ ಅವರೇ, ಚಿಕ್ಕ ತಿದ್ದುಪಡಿ. ಝಡ್‌ಟಿ ಅಲ್ಲ, ಝಝಡ್‌ಟಿ-71. ರಷ್ಯನ್‌ನಲ್ಲಿ "ಝ" ಮತ್ತು "ಜ಼" ಎರಡು ಬೇರೆ ಅಕ್ಷರ, ಎರಡೂ ಇವೆ. ನಾವೇ ಇಲ್ಲಿ ಇನ್ನೊಂದು ಸಿಎಚ್-42 ಹುಟ್ಟಿಸುವುದು ಬೇಡ.

ತಾಳೆಗರಿ · ಮಂಗಳವಾರ, ರಾತ್ರಿ 9:04

ತಪ್ಪಾಯಿತು ಮೇಡಂ. ಎಂಟು ವರ್ಷ ಆದರೂ ಬುದ್ಧಿ ಬಂದಿಲ್ಲ ನೋಡಿ.

ಭದ್ರಾವತಿ_ಕುಲುಮೆ · ಮಂಗಳವಾರ, ರಾತ್ರಿ 9:40

6ಬಿ2 ಮತ್ತು 6ಬಿ3, ಎರಡನ್ನೂ ಜನ "ಟೈಟಾನಿಯಂ ಕವಚ" ಅಂತ ಒಂದೇ ಚೀಲಕ್ಕೆ ಹಾಕುತ್ತಾರೆ. ಅಜಗಜಾಂತರ.

6ಬಿ2ರಲ್ಲಿ ಟೈಟಾನಿಯಂ ತಗಡು ಬರೀ 1.25 ಮಿ.ಮೀ. ಅದರ ಜೊತೆ ಎಸ್‌ವಿಎಂ ಎಂಬ ನಾರಿನ ಬಟ್ಟೆ, ಪದರ ಪದರ. ಅಮೆರಿಕದ ಕೆವ್ಲರ್‌ಗೆ ಸೋವಿಯತ್ತಿನ ದಾಯಾದಿ ಅನ್ನಬಹುದು. ಒಟ್ಟು ತೂಕ ಐದು ಕೆಜಿಯ ಒಳಗೆ. ಚೂರಿಗೆ, ಪಿಸ್ತೂಲಿಗೆ ಸಾಕು. ಎಕೆ ಗುಂಡಿಗೆ ಸಾಲದು.

ಅಫ್ಘಾನಿಸ್ತಾನದಲ್ಲಿ ಬರುತ್ತಿದ್ದದ್ದು ರೈಫಲ್ ಗುಂಡು. ಹಾಗಾಗಿ 1983ರ 6ಬಿ3ರಲ್ಲಿ ತಗಡನ್ನು 6.5 ಮಿ.ಮೀ. ಮಾಡಿದರು, ಐದು ಪಟ್ಟು ದಪ್ಪ. ಅದರ ಒಂದು ಬಗೆಯಾದ 6ಬಿ3ಟಿಎಂನ ತೂಕ 12.2 ಕೆಜಿ. ಲೆಕ್ಕ ನೋಡೋಣ. 6.5 ಮಿ.ಮೀ. ಟೈಟಾನಿಯಂ ಚದರ ಮೀಟರಿಗೆ ಸುಮಾರು 29 ಕೆಜಿ. ಬಟ್ಟೆ, ಪಟ್ಟಿಗೆ ಎರಡು ಕೆಜಿ ಬಿಡಿ. ಉಳಿದ ಹತ್ತರಲ್ಲಿ 0.35 ಚದರ ಮೀಟರ್ ಬರುತ್ತದೆ, ಎದೆಗೆ ಅರ್ಧ ಬೆನ್ನಿಗೆ ಅರ್ಧ. ಹೊಂದುತ್ತದೆ.

ಭಾರ ತಡೆಯಲಾರದೆ ಎದೆಗೆ 6.5, ಬೆನ್ನಿಗೆ 1.25 ಹಾಕಿದ 6ಬಿ3ಟಿಎಂ-01 ಕೂಡ ಮಾಡಿದರು. ಬೆನ್ನು ತೋರಿಸಬೇಡ ಅನ್ನೋ ಮಾತಿಗೆ ಲೋಹದಲ್ಲೇ ಮುದ್ರೆ.

ಮಾಜಿ_ಹವಾಲ್ದಾರ್ · ಮಂಗಳವಾರ, ರಾತ್ರಿ 9:55

12 ಕೆಜಿ ಅಂದರೆ ಕವಚ ಮಾತ್ರ. ಅದರ ಮೇಲೆ ಬಂದೂಕು, ಮ್ಯಾಗಜಿನ್, ನೀರು, ಗ್ರೆನೇಡ್. ಅಫ್ಘಾನ್ ಗುಡ್ಡ. ಹೆಗಲ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಬೆಟ್ಟ ಹತ್ತಿದ ಹಾಗೆ. ನಾನಾಗಿದ್ದರೆ ಏನು ಮಾಡ್ತಿದ್ದೆ ಅಂತ ಹೇಳಲ್ಲ.

ಹಾಳೆಹುಳ · ಬುಧವಾರ, ಸಂಜೆ 5:18

ಇನ್ನೊಂದು ಫೋಟೊ ಹಾಕಿದ್ದೇನೆ, ನೋಡಿ. ಕೆಳಗೆ "ಅಫ್ಘಾನಿಸ್ತಾನ, 1980" ಎಂದಿದೆ. ಒಳ್ಳೆಯ ಫೋಟೊ, ಲೇಖನದ ಮೇಲೆ ಇದನ್ನೇ ಹಾಕಬೇಕು ಅಂತ ಆಸೆ. ಹಾಕಬಹುದಾ?

ಲೆವೆಲ್_99 · ಬುಧವಾರ, ಸಂಜೆ 5:31

ಅಣ್ಣ, ಅದು 1980 ಆಗಲ್ಲ! ಮುಂದೆ ಹೊಟ್ಟೆ ಮೇಲೆ ನೋಡಿ, ಮ್ಯಾಗಜಿನ್ ಜೇಬುಗಳು. ಹೆಗಲ ಹತ್ತಿರವೂ ನೋಡಿ. ಅದು 6ಬಿ3. ಭದ್ರಾವತಿ ಸರ್ ಈಗಷ್ಟೇ ಹೇಳಿದ್ರು 1983 ಅಂತ. ನಾನು ಈ ಜಾಕೆಟನ್ನು ದಿನಾ ನೋಡ್ತೀನಿ, ಕಣ್ಣು ಮುಚ್ಚಿ ಹೇಳ್ತೀನಿ.

ವೋಲ್ಗಾ_ತುಂಗಾ · ಬುಧವಾರ, ಸಂಜೆ 6:20

ಶಭಾಷ್ ಮರಿ! ನಾನು ಸಮವಸ್ತ್ರ ನೋಡಿ ಅನುಮಾನಪಟ್ಟಿದ್ದೆ. ದೊಡ್ಡ ಜೇಬುಗಳ "ಅಫ್ಘಾಂಕಾ" ಅದು, 1980ಕ್ಕೆ ತುಂಬ ಬೇಗ ಆಯಿತು. ನೀನು ಕವಚದಿಂದಲೇ ಹಿಡಿದೆ.

ಗೇಮ್ ಮಾಡಿದವರು ಹೊರಗಿನ ಆಕಾರವನ್ನು ಅಸಲಿ ಕವಚ ಇಟ್ಟುಕೊಂಡು ಅಚ್ಚುಕಟ್ಟಾಗಿ ಬಿಡಿಸಿರುತ್ತಾರೆ. ಹೊಲಿಗೆ, ಜೇಬು, ಪಟ್ಟಿ ಗುರುತಿಸಲು ನಿನ್ನ ಕಣ್ಣು ಚೆನ್ನಾಗಿ ಪಳಗಿದೆ. ಆದರೆ ಆ ಕ್ಲಾಸ್ ಪಟ್ಟಿ ಬಿಟ್ಟುಬಿಡು. ಆಟ ರುಚಿಯಾಗಲಿ ಅಂತ ಅಂಕಿ ಏರಿಸಿ ಇಳಿಸಿರುತ್ತಾರೆ.

ತಾಳೆಗರಿ · ಬುಧವಾರ, ಸಂಜೆ 6:48

ಕ್ಲಾಸ್ ಬಗ್ಗೆ ಇನ್ನೊಂದು. ಗೇಮ್ ಬಿಡಿ, ದೊಡ್ಡ ದೊಡ್ಡ ಲೇಖನಗಳಲ್ಲೂ "6ಬಿ3, ಮೂರನೇ ದರ್ಜೆ" ಎಂದು ಬರೆದಿರುತ್ತಾರೆ. ರಷ್ಯಾದ ಆ ದರ್ಜೆ ಪಟ್ಟಿ ಬಂದದ್ದು ಗೋಸ್ಟ್ ಆರ್ 50744-95 ಎಂಬ ಸರ್ಕಾರಿ ಮಾನದಂಡದಲ್ಲಿ. ಕೊನೆಯ 95 ಅಂದರೆ 1995. ಒಕ್ಕೂಟ ಮುಳುಗಿದ್ದು 1991ರಲ್ಲಿ. 1983ರಲ್ಲಿ ಹೊಲಿದ ಜಾಕೆಟಿಗೆ 1995ರ ಮಾರ್ಕ್ಸ್ ಕಾರ್ಡ್! ಹೋಲಿಕೆಗೆ ಅಂತ ಹೇಳಿ ಬರೆದರೆ ತಪ್ಪಿಲ್ಲ. "ಮೂರನೇ ದರ್ಜೆ ಅಂತ ಒಪ್ಪಿಕೊಂಡರು" ಎಂದು ಬರೆದರೆ ಆ ಲೇಖಕರು ಮೂಲ ಕಾಗದ ನೋಡಿಲ್ಲ ಅಂತ ಗೊತ್ತಾಗುತ್ತದೆ.

ಚಿತ್ರಾನ್ನ_ಪ್ರಿಯ · ಬುಧವಾರ, ರಾತ್ರಿ 8:05

ನಮ್ಮ ಮನೆಯಲ್ಲಿ ಅಪ್ಪ ಕೂಡಿಟ್ಟ "ಸೋವಿಯತ್ ಲ್ಯಾಂಡ್" ಪತ್ರಿಕೆಯ ಕಟ್ಟು ಇದೆ. ಮಿರಿ ಮಿರಿ ಕಾಗದ, ಪುಸ್ತಕಕ್ಕೆ ಬೈಂಡ್ ಹಾಕಲು ಹೇಳಿ ಮಾಡಿಸಿದ್ದು. ಅರ್ಧ ನನ್ನ ನೋಟ್‌ಬುಕ್ಕಿಗೇ ಹೋಯಿತು. ಉಳಿದದ್ದನ್ನು ಇವತ್ತು ಅಟ್ಟದಿಂದ ಇಳಿಸಿ ನೋಡಿದೆ. ಟ್ರ್ಯಾಕ್ಟರ್ ಇದೆ, ಅಣೆಕಟ್ಟು ಇದೆ, ನಗುವ ಹುಡುಗಿಯರು ಇದ್ದಾರೆ. ಕವಚ ಒಂದೂ ಇಲ್ಲ.

ವೋಲ್ಗಾ_ತುಂಗಾ · ಬುಧವಾರ, ರಾತ್ರಿ 8:30

ಇರಲ್ಲ ಬಿಡಿ. ಅವರು ತೋರಿಸಬೇಕು ಅಂದುಕೊಂಡದ್ದು ಟ್ರ್ಯಾಕ್ಟರ್.

ಹಾಳೆಹುಳ · ಗುರುವಾರ, ರಾತ್ರಿ 9:47

ಒಂದು ಸಾಲು ಆಗಲಿಲ್ಲ. ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ:

"ಎರಡನೇ ಮಹಾಯುದ್ಧದಲ್ಲಿ ಕೆಂಪು ಸೇನೆಯ ಆಕ್ರಮಣ ಸ್ಯಾಪರ್ ದಳಗಳು ಎಸ್‌ಎನ್-42 ಎಂಬ ಉಕ್ಕಿನ ಎದೆತಗಡು ತೊಟ್ಟವು. 2 ಮಿ.ಮೀ. ದಪ್ಪದ ಈ ತಗಡು ಎದೆ, ಕಿಬ್ಬೊಟ್ಟೆಯನ್ನು ಮಾತ್ರ ಮುಚ್ಚುತ್ತಿತ್ತು. 1957ರಲ್ಲಿ 6ಬಿ1 ಎಂಬ ಕವಚವನ್ನು ಸೇನೆಯ ಸರಬರಾಜಿಗೆ ಒಪ್ಪಲಾಯಿತು, ಆದರೆ ಅದು ಎಲ್ಲರ ಕೈಗೆ ಹೋಗಲಿಲ್ಲ. ಅಫ್ಘಾನ್ ಯುದ್ಧ ಶುರುವಾದ ಮೇಲೆ, 1981ರಲ್ಲಿ 6ಬಿ2 ಬಂತು. ಕೆಜಿಬಿ ಮತ್ತು ಪೊಲೀಸರ ಬಳಿ ಇದಕ್ಕೂ ಮುಂಚೆಯೇ ಬೇರೆ ಕವಚಗಳಿದ್ದವು. ರೈಫಲ್ ಗುಂಡಿಗೆ ಎದೆ ಕೊಡುವ ದಪ್ಪ ಟೈಟಾನಿಯಂ ಬಂದದ್ದು 1983ರ 6ಬಿ3ರಲ್ಲಿ, 1986ರಲ್ಲಿ ಅದರ ಜಾಗಕ್ಕೆ 6ಬಿ5 ಬಂತು."

ಭದ್ರಾವತಿ_ಕುಲುಮೆ · ಗುರುವಾರ, ರಾತ್ರಿ 10:01

"ಎದೆ ಕೊಡುವ" ಬೇಡ, "ತಡೆಯಲು ಮಾಡಿದ" ಅನ್ನಿ. ಎಲ್ಲ ರೈಫಲಿಗೂ, ಎಲ್ಲ ದೂರಕ್ಕೂ ಅಲ್ಲ.

ತಾಳೆಗರಿ · ಗುರುವಾರ, ರಾತ್ರಿ 10:09

6ಬಿ5 ಅಂದರೆ ಒಂದಲ್ಲ, ಹತ್ತೊಂಬತ್ತು ಬಗೆ. ಕೆಲವಕ್ಕೆ ಟೈಟಾನಿಯಂ, ಕೆಲವಕ್ಕೆ ಸೆರಾಮಿಕ್. ಅದಕ್ಕೇ ಒಂದೊಂದು ಪುಟದಲ್ಲಿ ಒಂದೊಂದು ತೂಕ ಇರುತ್ತದೆ. ತೂಕ ಬರೆಯದೆ ಬಿಟ್ಟಿದ್ದೀರಿ, ಒಳ್ಳೆಯದಾಯಿತು. ಮತ್ತೆ, 6ಬಿ5 ತೊಟ್ಟ ಫೋಟೊ ಸಿಕ್ಕಿತು ಅಂತ ಅಫ್ಘಾನ್ ಅನ್ನಬೇಡಿ. 90ರ ದಶಕದ ಚೆಚೆನ್ಯಾದಲ್ಲೂ ಅದನ್ನೇ ತೊಟ್ಟಿದ್ದರು.

ಲೆವೆಲ್_99 · ಗುರುವಾರ, ರಾತ್ರಿ 10:15

ಫೋಟೊ ಹುಡುಕಿದ ಕ್ರೆಡಿಟ್ ನನಗೆ ಕೊಡ್ತೀರಾ ಅಣ್ಣ?

ಮಾಜಿ_ಹವಾಲ್ದಾರ್ · ಶುಕ್ರವಾರ, ಬೆಳಿಗ್ಗೆ 6:12

ಒಂದು ಕೇಳಬೇಕಿತ್ತು. ಆ ಉಕ್ಕಿನ ತಗಡು ಬರಿ ಅಂಗಿ ಮೇಲೆ ತೊಟ್ಟರೆ ಗುಂಡು ಒಳಗೆ ಬರದಿದ್ದರೂ ಏಟಿಗೆ ಪಕ್ಕೆಲುಬು ಉಳಿಯಲ್ಲ. ಒಳಗೆ ಏನು ಹಾಕ್ತಿದ್ರು?

ವೋಲ್ಗಾ_ತುಂಗಾ · ಶುಕ್ರವಾರ, ಬೆಳಿಗ್ಗೆ 7:55

"ವಾತ್ನಿಕ್" ಅಂತ, ಹತ್ತಿ ತುಂಬಿ ಹೊಲಿದ ಜಾಕೆಟ್. ಚಳಿಗೆ ಕೊಟ್ಟದ್ದು. ಕೈ ಆಡಿಸಲು ಸಲೀಸಾಗಲಿ ಅಂತ ತೋಳು ಕಿತ್ತು ಹಾಕಿ, ಅದರ ಮೇಲೆ ತಗಡು ಬಿಗಿಯುತ್ತಿದ್ದರು.

ಮಾಜಿ_ಹವಾಲ್ದಾರ್ · ಶುಕ್ರವಾರ, ಬೆಳಿಗ್ಗೆ 8:03

ಹಾಂ. ತೊಟ್ಟವನೇ ಕಂಡುಹಿಡಿದ ಉಪಾಯ ಅದು. ಹಾಳೆಹುಳ, ತೋಳು ಕಿತ್ತಿದ್ದನ್ನೂ ಸೇರಿಸಪ್ಪ.

ಹಾಳೆಹುಳ · ಶುಕ್ರವಾರ, ಬೆಳಿಗ್ಗೆ 8:20

ಸೇರಿಸಿದೆ ಅಣ್ಣ. ತೋಳು ಕಿತ್ತ ಫೋಟೊ ಒಂದು ಹುಡುಕುತ್ತಿದ್ದೇನೆ. ಒಂದು ಸಿಕ್ಕಿದೆ, ಕೆಳಗೆ "ಸ್ಟಾಲಿನ್‌ಗ್ರಾಡ್" ಎಂದಿದೆ.